ಏಳನೇ ನಂಬರಿನ ಬನಿಯನ್

ಕಮಲಾಕ್ಷಿ,

ಇದ್ದಿಲ ಗ್ಯಾಸಿನಲ್ಲಿ ಓಡುವ ಹಾಸನದ ಬಸ್ಸು ಬಂದು ನಿಂತಿದೆ, ನೀನು ಹೊಳೆಯಿಂದ ಬರುವ ತನಕ ಕಾಯಲಾರೆ. ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ. ಸಾಯಂಕಾಲ ನನ್ನ ಮಂಡಿಗೆಂದು ಹರಳೆಣ್ಣೆ ಬಿಸಿ ಮಾಡಬೇಡ. ಹಾಸನದ ಬ್ಯಾಸ್ಕೆಟ್‌ಬಾಲ್ ಫೈನಲ್ಲಿನಲ್ಲಿ ನಾನು ಓಡುವುದಿಲ್ಲ.

ನಿನ್ನೆ ಕ್ಯಾಪ್ಟನ್ ಷಡಕ್ಷರಿ ಬಂದು, "ಅಣ್ಣ, ನೀವು ಬೆಂಚಲ್ಲಿ ಕೂತ್ಕಂಡು ಉಡುಗ್ರಿಗೆ ಹೇಳ್ಕೊಡಿ, ಸಾಕು. ನಿಮ್ ಬನೀನು ಪುಟ್ಟರಾಜು ಹಾಕ್ಕತಾನೆ" ಅಂದ. ಈ ಷಡಕ್ಷರಿಗೆ ಚೆಂಡು ಹಿಡಿಯುವುದು ಕಲಿಸಿದವನೇ ನಾನು. ಒಗೆದು ಇಸ್ತ್ರಿ ಮಾಡಿ ಬೇರೆ ತರಬೇಕಂತೆ.

ಬನಿಯನ್ ಕ್ಲಬ್ಬಿನದು, ಕೊಟ್ಟುಬಿಡುತ್ತೇನೆ. ಆದರೆ ಬೆನ್ನ ಮೇಲಿನ ಕೆಂಪು ಏಳು ನೀನು ಹೊಲಿದದ್ದು. ಬಿಚ್ಚಿ ನಿನ್ನ ಸೂಜಿ ಡಬ್ಬಿಯಲ್ಲಿಟ್ಟಿದ್ದೇನೆ. ಕತ್ತರಿ ತಾಗಿ ಒಂದು ಮೂಲೆ ಹರಿಯಿತು, ಬೈಯಬೇಡ.

ಹೊಸ ಏಳು ಬೇಕಾದರೆ ಷಡಕ್ಷರಿಯೇ ಕೂತು ಹೊಲಿಯಲಿ.