ಒಂದು ಹಲ್ಲು ತಪ್ಪಿತು

ಮಾರ್ಚ್ 3. ಬೆಳಿಗ್ಗೆ 6.30

ಮತ್ತೆ ಅದೇ ಸದ್ದು. ಭಾಮೈದ ಪಿಕಪ್ ಸ್ಟಾರ್ಟ್ ಮಾಡಿದ ಕೂಡಲೇ ಡಬ್ಬಿಯಲ್ಲಿ ಬೋಲ್ಟು ಹಾಕಿ ಅಲ್ಲಾಡಿಸಿದ ಹಾಗೆ — ಕರಕರ, ಕರಕರ... ಅರ್ಧ ನಿಮಿಷ. ಆಮೇಲೆ ಗಪ್‌ಚಿಪ್. ಅವನ ಸ್ವಂತ ಗಾಡಿ, ಹಾಸಿಗೆ ಅಂಗಡಿಯ ಡೆಲಿವರಿಗೆ ಬಾಡಿಗೆ. ಊರಿಗೆಲ್ಲ ನಿದ್ದೆ ಹಂಚುವ ಗಾಡಿ ನಮ್ಮ ಬೀದಿಯ ನಿದ್ದೆ ಕೆಡಿಸುತ್ತಿದೆ.

ಬ್ರಷ್ ಇನ್ನೂ ಬಾಯಲ್ಲೇ ಇತ್ತು. ಗೇಟಿನಿಂದಲೇ ಘೋಷಿಸಿದೆ: "ಟೈಮಿಂಗ್ ಚೈನ್ ಸವೆದಿದೆ."

"ಅಷ್ಟು ದೂರದಿಂದ ಹೇಗೆ ಗೊತ್ತಾಯ್ತು ಭಾವ?"

"ಮೂವತ್ತೊಂದು ವರ್ಷ ಇಂಜಿನ್ ಪಾಠ ಮಾಡಿದವನಿಗೆ ಕಿವಿ ಸಾಕು ಕಣೋ."

ಮಾತಿನ ಜೊತೆ ನೊರೆಯೂ ಬಂತು. ಗಾಂಭೀರ್ಯಕ್ಕೇನೂ ಧಕ್ಕೆಯಾಗಲಿಲ್ಲ ಅಂತ ಭಾವನೆ.

ಮೂಲೆ ಗ್ಯಾರೇಜಿಗೆ ಬಿಡ್ತೀನಿ ಅಂದ. ಆ ಗ್ಯಾರೇಜಿನವನು ಹಳೇ ಶಿಷ್ಯ. ಮೂರು ಮಾರ್ಕಿಗೆ ಫೇಲ್ ಮಾಡಿದ್ದೆ. ಅವನ ಕೈಗೆ ನಮ್ಮ ಮನೆ ಗಾಡಿಯೇ? "ನಾನು ಸತ್ತಿದ್ದೀನೇನೋ?" ಅಂದೆ.

ಹೆಂಡತಿ ಕಿಟಕಿಯಿಂದ: "ರೀ, ನೀವು ಇಂಜಿನ್ ಬಿಚ್ಚಿದ್ದೆಲ್ಲ ಬೋರ್ಡಿನ ಮೇಲೆ."

ಕೇಳಿಸಲಿಲ್ಲ. ಕಿವಿ ಇಂಜಿನ್ನಿಗೆ ಮಾತ್ರ.

ಮಾರ್ಚ್ 5

ನಾನು ರೇಡಿಯೇಟರ್ ಇಳಿಸಿದೆ. ನಾನು ಬೆಲ್ಟ್ ತೆಗೆದೆ. ನಾನು ಮುಂದಿನ ಕವರ್ ಬಿಚ್ಚಿದೆ. ಬೋಲ್ಟುಗಳನ್ನು ಹೆಂಡತಿಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಜೋಡಿಸಿದ್ದೂ ನಾನೇ. (ಈ ಒಂದು ವಿಷಯಕ್ಕೆ ಮನೆಯಲ್ಲಿ ಮನ್ನಣೆ ಸಿಗಲಿಲ್ಲ.)

ಚೈನ್ ಬೆರಳಲ್ಲಿ ಒತ್ತಿದರೆ ಹಳೇ ಮಂಚದ ಪಟ್ಟಿ ಹಾಗೆ ಜಗ್ಗುತ್ತೆ. ಕಿವಿ ಸುಳ್ಳು ಹೇಳಿರಲಿಲ್ಲ. ಭಾಮೈದನಿಗೆ ಪಾಠ: "ಕೆಳಗಿನ ಚಕ್ರ ಪಿಸ್ಟನ್ನಿನದು. ಮೇಲಿನ ಚಕ್ರ ವಾಲ್ವಿನದು. ಇಬ್ಬರಿಗೂ ತಾಳ ತಪ್ಪದ ಹಾಗೆ ನಡುವೆ ಈ ಚೈನ್. ತಪ್ಪಿದರೆ ಇಬ್ಬರೂ ಒಳಗೇ ಗುದ್ದಾಡ್ತಾರೆ."

"ಅಂದ್ರೆ ನೀವು, ಅಕ್ಕ, ನಡುವೆ ನಾನು."

"ಟಾರ್ಚ್ ನೆಟ್ಟಗೆ ಹಿಡಿಯೋ."

ಸಂಜೆ ಸ್ಪೇರ್ ಪಾರ್ಟ್ಸ್ ಅಂಗಡಿ. ಅಂಗಡಿಯಮ್ಮ ಸೀಲ್ ಒಡೆಯದ ಡಬ್ಬಿ ತಂದು, ಎದುರಿಗೇ ಬಿಚ್ಚಿ, ಹೊಸ ಚೈನಿನ ಬಣ್ಣದ ಕೊಂಡಿ ತೋರಿಸಿದರು. "ಮೇಷ್ಟ್ರೆ, ಈ ಕೊಂಡಿ ಚಕ್ರದ ಮಾರ್ಕಿಗೆ ಸೇರಬೇಕು. ಕವರ್ ಮುಚ್ಚೋ ಮುಂಚೆ ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿ."

"ಅಮ್ಮಾ, ಆ ವಾಕ್ಯ ಹುಟ್ಟಿದ್ದೇ ನನ್ನ ನೋಟ್ಸಿನಲ್ಲಿ."

ನಕ್ಕರು. ಅಂಗಡಿಯಲ್ಲಿದ್ದ ಇಬ್ಬರೂ ನಕ್ಕರು. ಜನಪ್ರಿಯತೆ.

ಮಾರ್ಚ್ 7. ಮಧ್ಯಾಹ್ನ

ಬೆಳಿಗ್ಗೆಯಿಂದ ಅಂಗಳದಲ್ಲಿ ಸಭೆ. ಪಕ್ಕದ ಮನೆಯವರು ಕುರ್ಚಿ ಹಾಕಿಕೊಂಡು ಕೂತರು. ಎದುರು ಮನೆಯವರು ಕಾಫಿ ಲೋಟದ ಸಮೇತ ಬಂದರು. ಭಾಮೈದ ಎಲ್ಲರಿಗೂ, "ನಮ್ಮ ಭಾವ. ಇಂಜಿನ್ನಿಗೇ ಪಾಠ ಹೇಳ್ಕೊಟ್ಟೋರು."

ಚೈನ್ ಕೂತಿತು. ಮಾರ್ಕು ಸೇರಿತು... ಸೇರಿದ ಹಾಗೆ ಕಾಣಿಸಿತು. ಕೈಯಲ್ಲಿ ಎರಡು ಸುತ್ತು ತಿರುಗಿಸಬೇಕು ಅಂತ ನೆನಪಾಯಿತು. ಅಷ್ಟರಲ್ಲಿ ಯಾರೋ, "ಮೇಷ್ಟ್ರಿಗೇ ಡೌಟಾ?" ಅಂದರು.

ಕವರ್ ಮುಚ್ಚಿದ್ದಾಯಿತು.

ಕೀ ತಿರುಗಿತು. ಒಂದು ಉಸಿರು. ಆಮೇಲೆ ಒಳಗಿಂದ — ಟಕ್. ಟಕಟಕ್. ಮೌನ.

ಎದುರು ಮನೆಯವರು ಲೋಟ ತೊಳೆಯಲು ಹೋದರು.

ಅದೇ ದಿನ. ಸಂಜೆ

ಭಾಮೈದ ಹಾಸಿಗೆ ಅಂಗಡಿಗೆ ಫೋನ್ ಮಾಡಲು ಹೋದಾಗ ಕವರ್ ಮತ್ತೆ ಬಿಚ್ಚಿ ಎಣಿಸಲಾಯಿತು. ಚಕ್ರದ ಒಂದು ಹಲ್ಲು ತಪ್ಪಿತ್ತು. ಒಂದೇ ಒಂದು. ಪಿಸ್ಟನ್ನುಗಳು ವಾಲ್ವಿಗೆ ಗುದ್ದಿವೆ.

ವಾಪಸ್ ಬಂದು ಕೇಳಿದ: "ಏನಾಗಿದೆ ಭಾವ?"

ಬಾಯಿಂದ ಹೊರಬಿದ್ದ ಮಾತು: "ಚೈನ್ ಡುಪ್ಲಿಕೇಟ್ ಅನ್ಸುತ್ತೆ."

"ಅನ್ಸುತ್ತೆ" ಸೇರಿಸಿದ್ದು ಪ್ರಾಮಾಣಿಕತೆಗೋಸ್ಕರ.

ಮಾರ್ಚ್ 8

ಭಾಮೈದ ಅಂಗಡಿಯಮ್ಮನ ಮುಂದೆ ಕೂಗಾಡಿ ಬಂದಿದ್ದಾನೆ. ಇನ್ನೂ ಕೆಂಪಗಿದ್ದಾನೆ. "ಚೆನ್ನಾಗಿ ಉಗಿದೆ ಭಾವ! ನಕಲಿ ಮಾಲು ಮಾರಿ ಜನರ ಹೊಟ್ಟೆ ಮೇಲೆ ಹೊಡೀತೀರಾ ಅಂದೆ. ನಿಂತಿದ್ದ ಇಬ್ಬರು ಕೈಲಿದ್ದ ಸಾಮಾನು ಅಲ್ಲೇ ಇಟ್ಟು ಹೊರಟ್ರು."

"ಅವರೇನಂದ್ರು?"

"ಮೇಷ್ಟ್ರೇ ಹೇಳಿದ್ರಾ ಅಂತ ಕೇಳಿದ್ರು. ಹೌದು ಅಂದೆ. ಆ ಕಡೆ ತಿರುಗಿ ಡ್ರಾಯರ್ ಜೋಡಿಸ್ತಾ ನಿಂತ್ರು."

ಊಟ ಸೇರಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದೆ. ಹೆಂಡತಿ ಮುಖ ನೋಡಿದಳು. ಜೀರಿಗೆ ಕಷಾಯ ಕೊಟ್ಟಳು. ಕುಡಿದೆ. ಇಲ್ಲದ ರೋಗಕ್ಕೆ ಔಷಧ ಎಷ್ಟು ಕಹಿ.

ಮಾರ್ಚ್ 13

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ ಅಂತಲ್ಲ...

ಹಾಸಿಗೆ ಅಂಗಡಿಯವರು ಬೇರೆ ಗಾಡಿ ಗೊತ್ತು ಮಾಡಿದ್ದಾರೆ. ಭಾಮೈದ ಅದೇ ಗಾಡಿಯಲ್ಲಿ ಲೋಡರ್. ಡ್ರೈವರ್ ಸೀಟಿನವನು ಹಿಂದೆ ನಿಂತು ಹಾಸಿಗೆ ಹಿಡಿದುಕೊಂಡು ಹೋಗ್ತಾನೆ. ನಮ್ಮ ಬೀದಿ ಬಂದಾಗ ತಲೆ ತಗ್ಗಿಸ್ತಾನೆ. ಇಲ್ಲಿ ಕಿಟಕಿಯೊಳಗೂ ಒಂದು ತಲೆ ತಗ್ಗುತ್ತೆ. ಇಬ್ಬರೂ ಸೇರಿ ಬೀದಿಯನ್ನು ಬಹಳ ವಿನಯವಂತ ಮಾಡಿದ್ದೇವೆ.

ಪಿಕಪ್ ಎಳೆದುಕೊಂಡು ಹೋಗಿ ಶಿಷ್ಯನ ಗ್ಯಾರೇಜಿಗೇ ಬಿಟ್ಟದ್ದಾಯಿತು. ಅವನು ಇಂಜಿನ್ನಿನ ಹೆಡ್ ಇಳಿಸಿದ. ನಾಲ್ಕು ವಾಲ್ವ್ ಬಗ್ಗಿವೆ. ಆಮೇಲೆ ಚೈನ್ ನೋಡಿದ. ಹಲ್ಲು ಎಣಿಸಿದ. ಮತ್ತೊಮ್ಮೆ ಎಣಿಸಿದ — ಅದರ ಅವಶ್ಯಕತೆ ಇರಲಿಲ್ಲ, ಮರ್ಯಾದೆಗೆ.

ಭಾಮೈದ: "ಡುಪ್ಲಿಕೇಟ್ ತಾನೇ?"

ಶಿಷ್ಯ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ನಿಧಾನವಾಗಿ, ಒಂದೊಂದೇ ಬೆರಳು. ಈ ಕಡೆ ನೋಡಿದ. ಕಾದ. ಮಾತಾಡಲು ಎಷ್ಟು ಜಾಗ ಬೇಕೋ ಅಷ್ಟು ಬಿಟ್ಟುಕೊಟ್ಟ. ಇಲ್ಲಿಂದ ಒಂದು ಕೆಮ್ಮು ಹೊರಟಿತು, ಅಷ್ಟೇ.

"ಸಾರ್ ಹೇಳಿದ ಮೇಲೆ ಇನ್ನೇನಿದೆ" ಅಂದ.

ಭಾಮೈದ ಕೆಲಸಕ್ಕೆ ಹೋದ ಮೇಲೆ ಶಿಷ್ಯ ಹೊಸ ವಾಲ್ವ್ ಕೂರಿಸಿ, ಅದೇ ಚೈನ್ ತೊಳೆದು, ಅದನ್ನೇ ವಾಪಸ್ ಹಾಕಿದ. ಕಣ್ಣೆದುರಿಗೇ. ಮಾರ್ಕು ಸೇರಿಸಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿದ. ಮೂರು ಮಾರ್ಕಿಗೆ ಫೇಲ್ ಮಾಡಿಸಿಕೊಂಡವನು ಇವತ್ತು ಗ್ರೇಸ್ ಮಾರ್ಕು ಹಾಕಿ ಪಾಸ್ ಮಾಡಿದ. ಆ ಪಾಸು ಹೊತ್ತು ಮನೆಗೆ ನಡೆದದ್ದಾಯಿತು.

ಮಾರ್ಚ್ 14. ಬೆಳಿಗ್ಗೆ 11

ಅಂಗಡಿಯಮ್ಮನ ಹತ್ತಿರ ಹೋಗಿಬಂದೆ. ಗಿರಾಕಿ ಇಲ್ಲದ ಹೊತ್ತು ನೋಡಿ ಹೋದದ್ದು — ಅವರ ಅನುಕೂಲಕ್ಕೆ ಅಂತ ದಾರಿಯುದ್ದಕ್ಕೂ ಹೇಳಿಕೊಂಡೆ.

"ಅಮ್ಮಾ, ತಪ್ಪಾಯ್ತು."

ಫ್ಯಾನ್ ಬೆಲ್ಟಿಗೆ ಚೀಟಿ ಅಂಟಿಸುತ್ತಿದ್ದರು. ತಲೆ ಎತ್ತಲಿಲ್ಲ. "ಯಾರಿಂದ?"

"ಅಂದ್ರೆ... ಒಂದು ಹಲ್ಲು ತಪ್ಪಿತು."

"ಹಲ್ಲಿಗೇನು, ಕೈ ಕಾಲು ಇದ್ಯಾ ಮೇಷ್ಟ್ರೆ? ತಾನಾಗೇ ಎದ್ದು ಆಚೆ ಹೋಗಿ ಕೂತ್ಕೊಳ್ತಾ?"

"ತಪ್ಪು... ನಡೆದುಹೋಯ್ತು."

"ನಡ್ಕೊಂಡು ಹೋಯ್ತಾ? ಎಷ್ಟು ಹೊತ್ತಿಗೆ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಚಪ್ಪಾಳೆ ತಟ್ಟುತ್ತಿದ್ದೆ. ಕೊನೆಗೆ ಹೇಳಿದೆ. ಕರ್ತೃಪದ ಸಮೇತ. ನಾನು ತಪ್ಪು ಮಾಡಿದೆ. ನಾನು ಸುಳ್ಳು ಹೇಳಿದೆ.

ಆಗ ತಲೆ ಎತ್ತಿದರು. ಕಣ್ಣಲ್ಲಿ ನೀರು. ಅದನ್ನು ನಿರೀಕ್ಷಿಸಿರಲಿಲ್ಲ. "ಇಪ್ಪತ್ತೆರಡು ವರ್ಷ ಈ ಕೌಂಟರಲ್ಲಿ ನಿಂತಿದ್ದೀನಿ. ಒಂದು ದಿನ ಒಬ್ಬರೂ ಡಬ್ಬಿ ತಿರುಗಿಸಿ ನೋಡಿರಲಿಲ್ಲ. ಈಗ ಸೀಲ್ ಉಗುರಲ್ಲಿ ಕೆರೆದು ನೋಡ್ತಾರೆ." ಬೆಲ್ಟಿನ ಮೇಲೆ ಚೀಟಿ ಒತ್ತಿ: "ನಂಗೆ ಗುಟ್ಟಾಗಿ ಹೇಳಿದ್ದು ಸಾಲದು. ನಿಮ್ಮ ಭಾಮೈದನಿಗೆ ಹೇಳಿ. ಜನ ಇರೋ ಹೊತ್ತಲ್ಲಿ ಇಬ್ಬರೂ ಬನ್ನಿ."

ಮನೆಗೆ ಬಂದು ಈ ಪುಸ್ತಕದ ಹಿಂದಿನ ಪುಟ ತಿರುವಿದೆ. 5ನೇ ತಾರೀಕು ಸಾಲಿಗೊಂದು "ನಾನು". 7ರಿಂದ ಆ ಮನುಷ್ಯ ಊರಲ್ಲೇ ಇಲ್ಲ. ಕವರ್ ತಾನೇ ಮುಚ್ಚಿಕೊಂಡಿದೆ. ಕೀ ತಾನೇ ತಿರುಗಿದೆ. ಯಾರೂ ಓದದ ಪುಸ್ತಕದಲ್ಲೂ...

ಮಾರ್ಚ್ 16. ಸಂಜೆ

ಹೇಳಿದೆ.

ಭಾಮೈದ ಪಿಕಪ್ ಬಿಡಿಸಿಕೊಂಡು ಬಂದು ಖುಷಿಯಲ್ಲಿ ಗ್ಲಾಸು ಒರೆಸುತ್ತಿದ್ದ. "ಚೈನ್ ಸರಿಯಾಗೇ ಇತ್ತು ಕಣೋ. ನಾನು ಒಂದು ಹಲ್ಲು ತಪ್ಪಾಗಿ ಕೂರಿಸಿದೆ" ಅಂದೆ. ನಕ್ಕ. "ಬಿಡಿ ಭಾವ, ನಿಮ್ಮ ತಮಾಷೆ." ಮತ್ತೆ ಹೇಳಿದೆ. ಇನ್ನೂ ಜೋರಾಗಿ ನಕ್ಕ, ಅಕ್ಕನನ್ನೂ ಕರೆದ: "ಅಕ್ಕಾ, ಭಾವ ನೋಡು!" ಜೀವಮಾನವಿಡೀ ತಮಾಷೆ ಮಾಡಿದವನ ನಿಜಕ್ಕೆ ಗಿರಾಕಿ ಇಲ್ಲ. ಮೂರನೇ ಸಲ ಹೇಳುವಾಗ ದನಿ ನಡುಗಿತು. ಅದರಿಂದ ಗೊತ್ತಾಯಿತು ಅವನಿಗೆ.

ನಗು ಮುಖದಲ್ಲೇ ಸ್ವಲ್ಪ ಹೊತ್ತು ಉಳಿದಿತ್ತು, ತೆಗೆಯಲು ಮರೆತ ಹಾಗೆ.

"ಆ ಅಮ್ಮನಿಗೆ ನಾನು ಏನೇನೆಲ್ಲ ಅಂದೆ ಗೊತ್ತಾ?"

ಗೊತ್ತು ಅಂದೆ.

"ಇಲ್ಲ. ಪೂರ್ತಿ ನಿಮಗೆ ಹೇಳಿರಲಿಲ್ಲ." ಒರೆಸುವ ಬಟ್ಟೆ ಮಡಿಸಿದ. ಚೌಕವಾಗಿ, ಮತ್ತೆ ಚೌಕವಾಗಿ. "ನಾಳೆ ಹತ್ತೂವರೆಗೆ ಅಂಗಡಿಯಲ್ಲಿ ರಶ್ ಇರುತ್ತೆ. ಹೋಗೋಣ."

ಕೊನೆಗೆ "ಭಾವ" ಸೇರಿಸುತ್ತಾನೇನೋ ಅಂತ ಕಾದೆ. ಸೇರಿಸಲಿಲ್ಲ.

ಮಾರ್ಚ್ 17. ಬೆಳಿಗ್ಗೆ 10.10

ಬಂದಿದ್ದಾನೆ. ಇಂಜಿನ್ ಸದ್ದೇ ಇಲ್ಲ, ಅಷ್ಟು ನಯ. ಮುಂದಿನ ಸೀಟಿನ ತುಂಬ ದಿಂಬಿನ ಕಟ್ಟು. ತೆಗೆಯಲೂ ಇಲ್ಲ, ತೆಗೀರಿ ಅನ್ನಲೂ ಇಲ್ಲ. ಹಿಂದೆ ಹಾಸಿಗೆಗಳ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದಾನೆ — ಅಳತೆ ತೆಗೆದುಕೊಂಡ ಹಾಗೆ.

ಹೆಂಡತಿ ಅಡುಗೆಮನೆಯ ಸ್ಟೂಲ್ ತಂದು ಗಾಡಿಯ ಹಿಂದೆ ಇಟ್ಟು, ಅಲ್ಲಾಡದ ಹಾಗೆ ಹಿಡಿದುಕೊಂಡು ನಿಂತಿದ್ದಾಳೆ. ನಗುತ್ತಿಲ್ಲ. ಪಕ್ಕದ ಮನೆಯವರು ಕುರ್ಚಿ ತರುತ್ತಿದ್ದಾರೆ.

ಹಾರ್ನ್. ಚಿಕ್ಕದು, ಒಂದೇ ಸಲ. ಬಂದೆ ಕಣೋ ಅಂತ ಕೂಗಿದೆ. ಈ ಪುಸ್ತಕ ನಾನು ಮುಚ್ಚುತ್ತಿದ್ದೇನೆ.