ಕಹಿಹಕ್ಕಿಯ ಸಾರು

ಪ್ರೀತಿಯ ಸೊಸೆ ಡೋರ್ಕಸ್‌ಗೆ,

ಈ ಸಿಂಬಾಯಿ ಬೆಟ್ಟಗಳಲ್ಲಿ ಮೊಟ್ಟೆಯೊಡೆದು ಬಂದ ಪ್ರತಿ ಹಕ್ಕಿಯೂ ಮೊದಲು ನನ್ನ ಬಳಿ ಹಾರಿಬಂದು, ತಾನು ಯಾವ ಜಾತಿಯೆಂದು ಕೇಳಿ ತಿಳಿದುಕೊಂಡು ಹೋಗುತ್ತದೆ. ನಿನ್ನ ಸೋದರಮಾವ ಅಂಥವನು. ಮದಾಂಗ್ ಪಟ್ಟಣದಲ್ಲಿ ನರ್ಸ್ ಆದ ಮೇಲೆ ನೀನದನ್ನು ಮರೆತಿರಬಹುದು. ಮುಂದಿನದನ್ನು ಕೂತುಕೊಂಡು ಓದು.

ಮಲೇರಿಯಾ ಬಿಟ್ಟರೂ ನಿನ್ನ ತಾಯಿ ಗೆಣಸನ್ನೂ ಮುಟ್ಟದೆ ಸೊರಗಿದ್ದಳು. ಒಂದು ಸಂಜೆ, "ಅಣ್ಣಾ, ಹಕ್ಕಿ ಸಾರು ಕುಡೀಬೇಕು ಅನ್ನಿಸ್ತಿದೆ" ಎಂದಳು. ಮಳೆಯಲ್ಲೇ ಕಾಡಿಗೆ ಹೋಗಿ ಗೇಣುದ್ದದ ಹಕ್ಕಿಯೊಂದನ್ನು ಬಾಣದಿಂದ ಕೆಡವಿದೆ. ಕರಿ ತಲೆ, ಕರಿ ರೆಕ್ಕೆ, ಕಾವಿ ಹೊಟ್ಟೆ. ಈ ಬಣ್ಣದವು ಎರಡಿವೆಯಲ್ಲ, ಒಂದು ತಿನ್ನುವಂಥದ್ದು, ಇನ್ನೊಂದು ಚರ್ಮ, ಗರಿಗಳಲ್ಲೆಲ್ಲ ವಿಷ ತುಂಬಿಕೊಂಡ ಕಹಿಹಕ್ಕಿ. ನೆನೆದ ಗರಿ, ಮಬ್ಬು ಬೆಳಕು, ಕಣ್ಣನ್ನು ನಂಬಲಿಲ್ಲ. ಹಿರಿಯರು ಮಾಡುವಂತೆ ಗರಿಯನ್ನು ನಾಲಿಗೆಗೆ ತಾಗಿಸಿದೆ. ವಿಷವಿದ್ದರೆ ನಾಲಿಗೆ ಉರಿದು ಸೀನು ಬರುತ್ತದೆ; ನನಗೇನೂ ಆಗಲಿಲ್ಲ. ಚರ್ಮ ಸುಲಿಯದೆ, ಶುಂಠಿ ಹಾಕಿ ಒಲೆಗೇರಿಸಿದೆ.

ಸಾರು ಇಳಿಸಿ, ನಿನ್ನ ತಾಯಿಗೆ ಒಂದು ಬಟ್ಟಲು ಕೊಟ್ಟು ಹೊರಗೆ ಬಂದರೆ ನಿನ್ನಪ್ಪನ ತಂಗಿ ಮಾಗ್ದಾ ಬಾಗಿಲ ಬಳಿ ಬಿದ್ದಿದ್ದ ಗರಿಗಳನ್ನು ನೋಡುತ್ತಾ ನಿಂತಿದ್ದಳು. "ಬಾವ, ಇದು ಕಹಿಹಕ್ಕಿ ಅಲ್ವಾ?" "ನಿಂಗೇನ್ ಗೊತ್ತು? ನಾಲಿಗೆ ಮೇಲಿಟ್ಟು ನೋಡಿದೀನಿ" ಎಂದೆ. "ಯಾವ ನಾಲಿಗೆ? ಬೆಳಗ್ಗಿಂದ ಅಡಿಕೆ ಸುಣ್ಣ ಜಗೀತಿದೆಯಲ್ಲ, ಅದಾ? ಅದರ ಮೇಲೆ ಕೆಂಡ ಇಟ್ರೂ ನಿಂಗೆ ಗೊತ್ತಾಗಲ್ಲ!"

ನಗಲು ಹೋದೆ, ಆಗಲಿಲ್ಲ. ಒಳಗೆ ನಿನ್ನ ತಾಯಿ ಬಿಸಿ ಸಾರನ್ನು ಊದುವ ಸದ್ದು ಕೇಳಿಸುತ್ತಿತ್ತು. ಅಡಿಕೆ ಮುಟ್ಟದ ಮಾಗ್ದಾ ಒಂದು ಗರಿಯೆತ್ತಿ ತುಟಿಗೆ ಸೋಕಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಒಂದು ಸೀನು. ಇನ್ನೊಂದು. ಕಣ್ಣಲ್ಲಿ ನೀರು. ಒಳಗೆ ಊದುವ ಸದ್ದು ನಿಂತುಹೋಯಿತು.

ಒಳಗೆ ನುಗ್ಗಿ ನಿನ್ನ ತಾಯಿಯ ತುಟಿಯ ಬಳಿಯಿದ್ದ ಬಟ್ಟಲನ್ನು ಬಡಿದು ಕೆಡವಿದೆ. "ಕುಡಿದ್ಯಾ? ಹೇಳೇ, ಕುಡಿದ್ಯಾ?" ನಿನ್ನ ತಾಯಿ ಬರಿಗೈಯನ್ನು ನೋಡಿಕೊಂಡಳು. "ಈಗಷ್ಟೇ ಬಾಯಿಗೆ ಎತ್ತಿದ್ನಲ್ಲೋ…" ಎಂದು ಅತ್ತಳು. ಸಾರಿಗಾಗಿ ಅತ್ತಳು. ನಾನು ಯಾಕೆ ಅತ್ತೆನೆಂದು ಕೇಳಬೇಡ.

ಮರುದಿನ ನಿನ್ನಪ್ಪನ ಕುಲದವರು ಅಂಗಳದಲ್ಲಿ ಕೂತರು. "ನಮ್ಮನೆ ಹೆಂಗಸಿಗೆ ವಿಷ ಬಡಿಸೋಕ್ ಹೋಗಿದ್ದೆ. ದಂಡ ಕಟ್ಟು" ಎಂದರು. ಕಟ್ಟಿದೆ. ನಿನ್ನ ತಾಯಿ ಈಗ ಗೆಣಸು ತಿನ್ನುತ್ತಾಳೆ, ತುತ್ತಿಗೊಮ್ಮೆ ನನ್ನನ್ನು ಬೈಯುತ್ತಾಳೆ. ಆ ಬೈಗುಳ ಕೇಳಲು ದಿನಾ ಹೋಗುತ್ತೇನೆ.

ನಿನ್ನ ಒಲೆ ಆರದಿರಲಿ ಮಗಳೇ, ನಿನ್ನವರೆಲ್ಲ ಉಂಡು ಏಳಲಿ.

ನಿನ್ನ ಮಾವ,
ಕಿಯಾಸ್

ಪಕ್ಕದೂರಿನವರು ಕೇಳಿದರೆ ದಂಡ ಐವತ್ತು ಕಿನಾ ಅನ್ನುತ್ತೇನೆ. ನಿನಗೆ ಹೇಗೆ ಸುಳ್ಳು ಹೇಳಲಿ? ಮುನ್ನೂರು. ಜೊತೆಗೆ ನನ್ನ ಹೆಣ್ಣು ಹಂದಿ.