ನೀಲಿ ಹಚ್ಚಿದ ಸಂಜೆ

ಪರ್ಕಳ
9-2-2003, ಭಾನುವಾರ

ನಮ್ಮ ಮನೆಯ ಯಜಮಾನರಾದ ಬಸಯ್ಯನವರಿಗೆ ಅನ್ನಪೂರ್ಣಳ ನಮಸ್ಕಾರಗಳು.

ನಾನೂ ಮಗಳು ಜಯಮಾಲಾಳೂ ಉಸಿರಾಡಿಕೊಂಡಿದ್ದೇವೆ. ನೀವೂ ಹಾಗೆಯೇ ಇದ್ದೀರಿ ಎಂದು ನಮ್ಮೂರ ಕಡೆಯ ಯಮನೂರನಿಂದ ತಿಳಿಯಿತು. ಕ್ಷೇಮ ಎಂದು ಬರೆಯಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಪತ್ರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡಿ, ನೀವು ಎಲ್ಲಿದ್ದೀರೆಂದು ಗೊತ್ತಿದ್ದರೆ ತಾನೆ ಬರೆಯುವುದು? ತಾಯಿಗೆ ಹುಷಾರಿಲ್ಲವೆಂದು ಸೋಮವಾರ ಬೆಳಗಿನ ಬಸ್ಸು ಹತ್ತಿದಿರಿ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದರೆ ಅತ್ತೆಯೇ ಬಂದು ಎತ್ತಿಕೊಂಡರು. "ನನಗೇನ್ ಆಗೇತಿ? ಗಟ್ಟಿ ಅದೀನಿ. ಅಂವ ಎಲ್ಲಿ ಬಂದಾನ ಇಲ್ಲಿ?" ಎಂದರು. ಈಗ ಯಮನೂರ ಊರಿನಿಂದ ಬಂದು, ಹುನಗುಂದದ ಸಂತೆಯಲ್ಲಿ ನಿಮ್ಮ ಅಕ್ಕನ ಜೊತೆ ಬದನೆಕಾಯಿ ಆರಿಸುತ್ತಿದ್ದಿರಿ ಎಂದ. "ಬಸಣ್ಣಾರು ಹರೇದವ್ರಂಗ ಕಾಣ್ತಾರ್ರಿ ಅಕ್ಕಾರ, ತಲಿ ಕರ್ರಗ ಮಿಂಚತೈತಿ" ಎಂದೂ ಸೇರಿಸಿದ. ಮಿಂಚದೆ ಏನು? ಹಚ್ಚಿದವಳು ನಾನಲ್ಲವೆ!

ಎರಡು ವಾರದ ಹಿಂದಿನ ಆ ಭಾನುವಾರವನ್ನು ನೆನಪಿಸುತ್ತೇನೆ, ಮರೆತವರ ಹಾಗೆ ಮುಖ ಮಾಡಬೇಡಿ. ನಲವತ್ತಕ್ಕೇ ನಿಮ್ಮ ತಲೆ ಬೆಳ್ಳಗಾಯಿತು. ಮಣಿಪಾಲದ ಮೂಲೆಯಲ್ಲಿ ಬೆಳಿಗ್ಗೆ ಕೂಲಿಗೆ ನಿಂತರೆ ಮೇಸ್ತ್ರಿಗಳು ಕರಿ ತಲೆಯವರನ್ನೇ ಆರಿಸಿ ಟೆಂಪೊ ಹತ್ತಿಸುತ್ತಾರೆ, ಬಿಳಿ ತಲೆಯವರು ಬುತ್ತಿ ಹಿಡಿದುಕೊಂಡು ವಾಪಸು ಬರುತ್ತಾರೆ. ಪ್ಯಾಕೆಟ್ಟಿನ ಡೈ ಹಚ್ಚಿ ನಿಮ್ಮ ಮುಖ ಕುಂಬಳಕಾಯಿಯಾಗಿ ಕಣ್ಣು ಮುಚ್ಚಿಹೋದಾಗ ನಮ್ಮ ಕೋಣೆಗಳ ಒಡತಿ ನಳಿನಾಕ್ಷಿಯಮ್ಮನೇ ದಾರಿ ತೋರಿಸಿದ್ದು. "ಸೊಪ್ಪಿನ ಬಣ್ಣ ಹಚ್ಚು ಮಾರಾಯ್ತಿ. ಬೇಲಿಯಲ್ಲಿ ಮದರಂಗಿ ಎಷ್ಟು ಬೇಕಾದರೂ ಉಂಟು" ಎಂದಿದ್ದರು. ಮೊದಲು ಮದರಂಗಿ ಹಚ್ಚಿ ತಲೆ ಕೆಂಪಾಗಬೇಕು. ಅದನ್ನು ತೊಳೆದು, ಮೇಲೆ ನೀಲಿ ಎಲೆಯ ಪುಡಿ ಕಲಸಿ ಹಚ್ಚಿದರೆ ಮಾತ್ರ ಕಪ್ಪು. ಆ ಬೆಳಿಗ್ಗೆ ಒಂದೇ ಬಾಣಲೆಯಿಂದ ನಿಮಗೂ ಪಕ್ಕದ ಕೋಣೆಯ ಕರಿಬಸವನಿಗೂ ಹಚ್ಚಿದೆ. ಅವನಿಗೆ ನೀಲಿ ಬೇಡ. "ನನಗ ಕೆಂಪ ಸಾಕ್ರಿ ಅಕ್ಕಾರ. ಹುಂಜದ ಜುಟ್ಟ ಇದ್ದಂಗ ಇರಲಿ, ಯಂಕವ್ವ ದೂರದಿಂದ್ಲೇ ಗುರ್ತ ಹಿಡೀತಾಳ" ಎಂದು ಹೆಂಡತಿಯನ್ನು ನಗಿಸಿ ಅಲೆವೂರಿಗೆ ಬಾವಿಯ ಹೂಳೆತ್ತಲು ಹೋದ. ನೀಲಿ ಪುಡಿ ಮುಗಿದಿದೆ, ತರುತ್ತೇನೆ ಎಂದು ನೀವು ಕೆಂಪು ತಲೆಯಲ್ಲೇ ಮಣಿಪಾಲಕ್ಕೆ ಹೋದಿರಿ.

ಅಲ್ಲಿ ಏನಾಯಿತೆಂದು ಹೊಸ ಕಟ್ಟಡದ ವಾಚ್‌ಮನ್ ಕಿಟ್ಟ ಊರಿಗೆಲ್ಲ ಹೇಳಿದ್ದಾನೆ. "ನಾನು ಮೇಲೆ ನಾಲ್ಕನೇ ಮಾಳಿಗೆಯಲ್ಲಿ ಇದ್ದದ್ದು. ಮುಖ ಎಂತದೂ ಕಾಣಲಿಲ್ಲ, ತಲೆ ಮಾತ್ರ ಕಂಡದ್ದು. ಕೆಂಪು ತಲೆ" ಎನ್ನುತ್ತಾನೆ. ಚೆನ್ನಪ್ಪ ಮೇಸ್ತ್ರಿ ಕೆಳಗೆ ಆ ಕೆಂಪು ತಲೆಯವನನ್ನು ನೋಡಿ, "ಎಂತ ಅಜ್ಜ, ಮದುಮಗ ಆಗ್ಲಿಕ್ಕೆ ಉಂಟಾ? ನಾಳೆಯಿಂದ ನನ್ನ ಸೈಟಿಗೆ ಬರುವುದು ಬೇಡ" ಎಂದನಂತೆ. ಕೂದಲು ಹಿಡಿದು ಮುಖವನ್ನು ಸಿಮೆಂಟಿನ ನೀರಿನ ತೊಟ್ಟಿಗೆ ಅದ್ದಿ ಹಿಡಿದನಂತೆ. ಕೆಂಪು ತಲೆಯವನು ಬಾಯಿ ಬಿಡದೆ ಬಿಡಿಸಿಕೊಂಡು, ಕಬ್ಬಿಣದ ಸರಳು ಎತ್ತಿ ಬೀಸಿದನಂತೆ. ಆ ಮೊದಲನೆಯ ಪೆಟ್ಟಿನ ಬಗ್ಗೆ ನಾನು ಒಂದು ಮಾತೂ ಕೇಳುವುದಿಲ್ಲ. ನಾನು ಅಲ್ಲಿದ್ದಿದ್ದರೆ ಆ ಸರಳನ್ನು ನಾನೇ ಎತ್ತುತ್ತಿದ್ದೆ. ಆದರೆ ಚೆನ್ನಪ್ಪ ನೆಲಕ್ಕೆ ಬಿದ್ದು, ಕೈ ಅಡ್ಡ ಹಿಡಿದು, ಬೇಡ ಬೇಡ ಎಂದನಂತೆ. ಆಮೇಲೂ ಹೊಡೆತ ಬಿದ್ದವು. ಕಿಟ್ಟ ಮೆಟ್ಟಿಲಿಳಿದು ಬರುವಷ್ಟರಲ್ಲಿ ದವಡೆ ಒಂದು ಕಡೆ, ಹಲ್ಲು ಒಂದು ಕಡೆ. ಚೆನ್ನಪ್ಪನ ತಲೆಬುರುಡೆ ಒಡೆದಿತ್ತು. ಕೆಂಪು ತಲೆಯವನು ಓಡಿಹೋಗಿದ್ದನಂತೆ.

ಅದು ನೀವೆಂದು ನನಗೆ ಹೇಗೆ ಹೊಳೆಯಬೇಕು? ನನ್ನ ಗಂಡ ಕೋಳಿ ಕೊಯ್ಯುವಾಗಲೂ ಮುಖ ತಿರುಗಿಸುವವನು ಎಂದುಕೊಂಡವಳು ನಾನು. ಸುದ್ದಿ ಕೇಳಿ, ಅಯ್ಯೋ ಪಾಪ, ಯಾವ ಪಾಪಿಯ ಕೈ ಇರಬೇಕು ಎಂದು ಯಂಕವ್ವನ ಜೊತೆ ನಾನೂ ಶಾಪ ಹಾಕಿದೆ.

ಮಂಗಳವಾರ ಜೀಪು ಬಂತು. "ಇಲ್ಲಿ ಕೆಂಪು ತಲೆ ಯಾರದ್ದಾ?" ಎಂದು ಕೂಗಿದರು. ಕರಿಬಸವ ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದ. "ನಂದ್ರೀ ಸಾಹೇಬ್ರ" ಎಂದು ನಗುನಗುತ್ತಲೇ ಎದ್ದು ನಿಂತ. ಆ ಕೆಂಪು ಕೂದಲನ್ನೇ ಹಿಡಿದು ಅವನ ಹಣೆಯನ್ನು ಬಟ್ಟೆ ಒಗೆಯುವ ಕಲ್ಲಿಗೆ ಚಚ್ಚಿದರು. ಒಮ್ಮೆ ಅಲ್ಲ. ಆರು ತಿಂಗಳ ಬಸುರಿ ಯಂಕವ್ವ ಓಡಿ ಹೋಗಿ ಪೊಲೀಸನ ಕೈಗೆ ಹಲ್ಲು ಇಳಿಸಿದಳು. ಅವಳ ಜಡೆ ಹಿಡಿದು ಎಳೆದು ಬೀಳಿಸಿದರು. ನನಗೆ ನೆತ್ತಿಗೇರಿತು. ಕೈಗೆ ಸಿಕ್ಕಿದ ಕಬ್ಬಿಣದ ಬಾಣಲೆಯನ್ನು ಬೀಸಿ ಒಗೆದೆ, ಜೀಪಿನ ಬಾಗಿಲಿಗೆ ಬಡಿಯಿತು. ಅದಕ್ಕೆ ನನಗೂ ಸಿಗಬೇಕಾದ್ದು ಸಿಕ್ಕಿತು, ಬೆನ್ನಿನ ಬಾಸುಂಡೆಯಿಂದ ಇವತ್ತಿಗೂ ಅಂಗಾತ ಮಲಗಲು ಆಗುವುದಿಲ್ಲ. ಜೀಪಿಗೆ ಎಳೆದು ಹಾಕುವಾಗ ಕರಿಬಸವ ಅಲೆವೂರಿನಲ್ಲಿದ್ದೆ ಅಲೆವೂರಿನಲ್ಲಿದ್ದೆ ಎಂದು ಬಾಯಿ ಬಡಿದುಕೊಂಡ. ಆ ಮನೆಯವರೆಲ್ಲ ಅಂದು ಕಾಪುವಿಗೆ ಮದುವೆಗೆ ಹೋಗಿದ್ದರು. ಬಾವಿಯೊಳಗಿದ್ದವನನ್ನು ನೋಡಿದವರು ಯಾರಿದ್ದಾರೆ? ಸಂಜೆಯ ಹೊತ್ತಿಗೆ ನಮ್ಮ ಸಾಲಿನ ಗಂಡಸರೆಲ್ಲ, ಬಣ್ಣ ಹಚ್ಚಿದವರೂ ಹಚ್ಚದವರೂ, ತಲೆ ಬೋಳಿಸಿಕೊಂಡು ಬಂದು ಬಾಗಿಲು ಹಾಕಿಕೊಂಡರು.

ಚೆನ್ನಪ್ಪ ಎಚ್ಚರವೇ ಆಗದೆ ಈ ಗುರುವಾರ ಸತ್ತ. ಹೆಣವನ್ನು ಕಾರ್ಕಳಕ್ಕೆ, ಅವನ ಊರಿಗೆ, ಒಯ್ದರು. ಈಗ ಇದು ಕೊಲೆ ಕೇಸು.

ಶುಕ್ರವಾರ ಬಚ್ಚಲಿನ ಹಿಂದಿನ ಸೌದೆ ಮುಗಿಯುತ್ತಾ ಬಂದು, ತಳದ ಕೊರಡು ಎಳೆದೆ. ಅಡಿಯಲ್ಲಿ ಮಡಚಿ ತುರುಕಿದ ನಿಮ್ಮ ಗೀರಿನ ಅಂಗಿ. ಆ ಸಂಜೆ ಮಣಿಪಾಲದಿಂದ ಬರುವಾಗ ಸೆಕೆಗೆ ಬಿಚ್ಚಿಟ್ಟು ಬಸ್ಸಿನಲ್ಲಿ ಮರೆತೆ ಎಂದಿರಲ್ಲ, ಅದೇ. ಮೊದಲು ಮದರಂಗಿಯ ಕಲೆ ಎಂದುಕೊಂಡೆ. ಮದರಂಗಿ ಒಣಗಿದರೆ ಕಿತ್ತಳೆಯ ಬಣ್ಣ, ನನ್ನ ಸೀರೆಗಳಲ್ಲೆಲ್ಲ ಇದೆ. ಇದು ಒಣಗಿ ಕಪ್ಪಾಗಿ ಹೆಪ್ಪುಗಟ್ಟಿತ್ತು. ಅಂಗಿಯ ತೋಳಿನಲ್ಲಿ ಏನೋ ಚುಚ್ಚಿತು. ಬಿಡಿಸಿ ನೋಡಿದೆ. ಹಲ್ಲಿನ ಚೂರು.

ಕುಡುಗೋಲು ತೆಗೆದುಕೊಂಡು ಬೇಲಿಗೆ ನುಗ್ಗಿದೆ. ಮದರಂಗಿ ಗಿಡಗಳನ್ನು ಒಂದೂ ಬಿಡದೆ ಬುಡಕ್ಕೆ ಕಡಿದೆ. ನಳಿನಾಕ್ಷಿಯಮ್ಮ ಕೂಗಿಕೊಂಡು ಬಂದರು. "ಎಂತ ಮಾರಾಯ್ತಿ, ಮರ್ಲ್ ಹಿಡಿಯಿತಾ ನಿನಗೆ? ನನ್ನ ಅತ್ತೆ ನೆಟ್ಟ ಬೇಲಿ ಅದು!" ಕೈಯಲ್ಲಿದ್ದ ಕುಡುಗೋಲು ನೋಡಿ ಅಲ್ಲೇ ನಿಂತರು. ನನ್ನ ಅಂಗೈ ಕುಯ್ದು ರಕ್ತ ಸುರಿಯುತ್ತಿತ್ತು. ಆ ಹೊತ್ತಿನಲ್ಲಿ ನೀವು ಎದುರಿಗೆ ಸಿಕ್ಕಿದ್ದರೆ ನಿಮ್ಮನ್ನೂ ಕಡಿಯುತ್ತಿದ್ದೆ, ದೇವರಾಣೆಗೂ.

ನಿನ್ನೆ ಯಂಕವ್ವನ ಜೊತೆ ಜೈಲಿಗೆ ಹೋಗಿದ್ದೆ. ಕರಿಬಸವನ ಬಲಗೈಯ ಬೆರಳುಗಳು ತಿರುಚಿಕೊಂಡಿವೆ. ಒಂದು ಕಿವಿ ಕೇಳುವುದಿಲ್ಲ. ತಲೆಯ ಮೇಲೆ ಅಲ್ಲಲ್ಲಿ ಕೂದಲು ಕಿತ್ತ ಜಾಗ, ಉಳಿದದ್ದು ಇನ್ನೂ ಕೆಂಪು. ನನ್ನನ್ನು ಕಂಡು ಕೇಳಿದ ಮೊದಲ ಮಾತೇನು ಗೊತ್ತೆ? "ಬಸಣ್ಣಾರ ತಾಯಿ ಆರಾಮಾದ್ರ್ಯಾ?" ಆಮೇಲೆ ಮೆಲ್ಲಗೆ ಹೇಳಿದ: "ಬಾಣಲಿ ಯಾರದು, ಮತ್ತ ಯಾರಿಗಿ ಹಚ್ಚಿದ್ರು ಅಂತ ಭಾಳ ಬಡದರ್ರಿ. ಬಸಣ್ಣಾರ ಹೆಸರು ಹೇಳಿದ್ರ ಅವರನ್ನೂ ಹಿಂಗ ಬಡೀತಾರ. ಅವರು ಏನೂ ಮಾಡದವರು. ಒಬ್ಬಂವ ತಿಂದಿದ್ದು ಸಾಕು ಅಂತ ನಾ ಹೇಳಲಿಲ್ಲ."

ಕೇಳಿದಿರಾ? ಇಲ್ಲ, ಇನ್ನು ಮೇಲೆ ನಿನಗೆ ಬಹುವಚನ ಕೊಡಲು ನನ್ನ ಕೈ ಒಪ್ಪುವುದಿಲ್ಲ. ಕೇಳಿದೆಯಾ, ಬಸಯ್ಯ? ಬೆರಳು ಮುರಿಯುವಾಗಲೂ ಅವನು ನಿನ್ನ ಹೆಸರು ಬಾಯಿಗೆ ತರಲಿಲ್ಲ. ನೀನು ಹುನಗುಂದದಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಥೂ ನಿನ್ನ. ನಿನ್ನನ್ನು ಮುದುಕ ಎಂದವನನ್ನು ಕೊಂದೆ, ಅಣ್ಣಾ ಎಂದವನನ್ನು ಕೊಲ್ಲಿಸಲು ಬಿಟ್ಟು ಹೋದೆ.

ನಾಳೆ ಬೆಳಿಗ್ಗೆ ಈ ಪತ್ರವನ್ನು ಡಬ್ಬಕ್ಕೆ ಹಾಕಿ, ಅಂಗಿಯನ್ನೂ ಆ ಹಲ್ಲನ್ನೂ ಚೀಲದಲ್ಲಿ ಹಾಕಿಕೊಂಡು ಠಾಣೆಗೆ ಹೋಗುತ್ತೇನೆ. ಇದು ಹೆದರಿಸುವ ಮಾತಲ್ಲ, ಸುದ್ದಿ. ನಿನ್ನ ಕೈಗೆ ಪತ್ರ ಬರುವ ಹೊತ್ತಿಗೆ ನಾನು ಹೇಳಿ ಮುಗಿಸಿರುತ್ತೇನೆ. ಯಂಕವ್ವನಿಗೆ ನಿನ್ನೆಯೇ ಹೇಳಿದೆ. ಅವಳು ಸೌದೆಯ ಕೊಳ್ಳಿ ಎತ್ತಿ ನನ್ನ ಭುಜಕ್ಕೆ ಬಾರಿಸಿದಳು. ನಾನು ತಡೆಯಲಿಲ್ಲ. ಆಮೇಲೆ ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಜಯಮಾಲಾಳಿಗೂ ಹೇಳಿದ್ದೇನೆ, ಎಂಟನೇ ಕ್ಲಾಸಿನ ಹುಡುಗಿಗೆ ಎಷ್ಟು ಹೇಳಬಹುದೋ ಅಷ್ಟು. "ಅಪ್ಪ ತಾನೇ ಬರ್ತಾನವ್ವ" ಎಂದಳು.

ಓಡುತ್ತೀಯಾದರೆ ಓಡು. ನಿನ್ನ ತಲೆಯ ಬುಡದಲ್ಲಿ ಈಗಾಗಲೇ ಬಿಳಿ ಕಾಣಿಸಿರಬೇಕು, ಹಚ್ಚುವವರು ಅಲ್ಲಿ ಯಾರಿದ್ದಾರೆ? ಬರುತ್ತೀಯಾದರೆ ಮಗಳ ಮಾತು ಉಳಿಯುತ್ತದೆ. ಶಿವ ನಿನಗೆ ಬಸ್ಸು ಹತ್ತುವಷ್ಟು ಧೈರ್ಯ ಕೊಡಲಿ. ಅಕ್ಕನವರಿಗೂ ಅವರ ಮಕ್ಕಳಿಗೂ ಒಳ್ಳೆಯದಾಗಲಿ, ಅವರಿಗೇನೂ ಗೊತ್ತಿರಲಾರದು.

ಇಂತಿ,
ಅನ್ನಪೂರ್ಣ

ತಾ.ಕ.: ಪತ್ರ ಮಡಚಿ ಮತ್ತೆ ಬಿಚ್ಚಿದೆ. ಆ ಸಂಜೆ ನೀನು ನೀಲಿ ಪುಡಿ ತಂದು, "ಬೆವತೀನಿ, ಇನ್ನೊಮ್ಮೆ ತಲಿ ತೊಳಿ, ಲಗೂ ನೀಲಿ ಹಚ್ಚು" ಎಂದೆ. ನಾನು ತಂಬಿಗೆಯಿಂದ ನೀರು ಹೊಯ್ದು ಎರಡೂ ಕೈಯಿಂದ ತಿಕ್ಕಿದೆ. ನೀರು ಕೆಂಪಗೆ ಹರಿಯಿತು. "ಈ ಸಲ ಮದರಂಗಿ ಛಲೋ ಬಣ್ಣ ಬಿಟ್ಟೈತಿ ನೋಡ್ರಿ" ಎಂದು ನಾನು ನಕ್ಕೆ. ನೀನೂ ನಕ್ಕೆ. ನೀಲಿ ಹಚ್ಚುವಾಗ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಮದುವೆಯಾದಾಗಿನಿಂದ ಒಂದು ದಿನವೂ ಹಾಗೆ ಮಲಗಿದವನಲ್ಲ, ನನ್ನ ಹೆಸರು ಹಿಡಿದು ಕರೆದವನೂ ಅಲ್ಲ. ಅವತ್ತು ಕಣ್ಣು ಮುಚ್ಚಿಕೊಂಡು, "ಅನ್ನಪೂರ್ಣಿ, ನಿನ್ನ ಕೈ ತಂಪ ಐತಿ" ಎಂದೆ. ನೀನು ಬಸ್ಸು ಹತ್ತಿ ಹೋದ ಮೇಲೂ ನಾನು ಆ ಮಾತನ್ನು ಹೊಸ ಮದುವಣಗಿತ್ತಿಯ ಹಾಗೆ ನೆನೆಸಿಕೊಂಡು ತಿರುಗಾಡಿದೆ. ಅದನ್ನು ನಿಜವಾಗಿ ಹೇಳಿದೆಯೋ, ಇಲ್ಲ ಕೂದಲು ಕಪ್ಪಾಗುವವರೆಗೆ ನಾನು ಏನೂ ಕೇಳದಿರಲಿ ಎಂದು ಹೇಳಿದೆಯೋ? ಅಷ್ಟನ್ನು ಮಾತ್ರ ನನಗೆ ಹೇಳು. ಮಿಕ್ಕಿದ್ದನ್ನು ಪೊಲೀಸರಿಗೆ ಹೇಳುವೆಯಂತೆ.